ತೋರಣದಿನ್ನೆಯ ಹಾಲಗಂಬಗಳು

ಆ ದುಂಬಿ ಪಡುವಣ ಗುಡ್ಡ ಬಿಟ್ಟು ಮೂಡಣ ಗುಡ್ಡಕ್ಕೆ ಬರಲಾರದು ಎಂದು ಸರ್ಕಾರಕ್ಕೆ ಬರೆದುಕೊಟ್ಟವಳು ಹುಲಿಗೆಮ್ಮನೇ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಎರಡು ಗುಡ್ಡಗಳ ನಡುವೆ ಹಳೆಯ ಗಣಿಯ ಬೋಳು ಹೊಂಡ ಬಾಯಿ ತೆರೆದುಕೊಂಡು ಬಿದ್ದಿತ್ತು. ಬೇಸಿಗೆಯಲ್ಲಿ ಅದರ ಮೇಲೆ ಹದ್ದು ಕೂಡ ಸುತ್ತು ಹೊಡೆಯುತ್ತಿರಲಿಲ್ಲ. ಮೈಗಿಂತ ಮೀಸೆಯೇ ಉದ್ದವಾದ ಈ ದುಂಬಿಗೆ ಅಷ್ಟು ದೂರ ಹಾರುವ ತ್ರಾಣವಿಲ್ಲ, ನಡುವೆ ಕೂತು ದಣಿವಾರಿಸಿಕೊಳ್ಳಲು ಒಂದು ಪೈನ್ ಮರವಿಲ್ಲ. ಹುಳುಗಳ ಬದುಕನ್ನೇ ಓದಿ ಡಾಕ್ಟರೇಟ್ ಪಡೆದವಳು ಇದಕ್ಕಿಂತ ಬೇರೆ ಏನು ಬರೆಯಬೇಕಿತ್ತು?

ತೋರಣದಿನ್ನೆ ಎಂಬ ಈ ಊರಿನ ಕಥೆ ಬಳ್ಳಾರಿ ಸೀಮೆಯ ಇತರ ಗಣಿ ಊರುಗಳ ಕಥೆಯೇ. ಕಬ್ಬಿಣದ ಅದಿರು ಇರುವ ತನಕ ಅಗೆದರು, ಮುಗಿದ ಮೇಲೆ ಹೋದರು. ಅವರು ಬಿಟ್ಟುಹೋದ ಮಣ್ಣಿನ ರಾಶಿಗಳೇ ಗುಡ್ಡಗಳಾದವು. ಗಾಳಿ ಬೀಸಿದರೆ ಆ ಗುಡ್ಡಗಳಿಂದ ಕೆಂಪು ಧೂಳು ಎದ್ದು ಅನ್ನದ ತಟ್ಟೆಯಿಂದ ಹಿಡಿದು ತೊಟ್ಟಿಲ ಕೂಸಿನ ಮೂಗಿನ ತನಕ ಹೋಗಿ ಕೂರುತ್ತಿತ್ತು. ಊರಿನ ಗಂಡಸರಲ್ಲಿ ಅರ್ಧ ಮಂದಿಗೆ ಧೂಳುಕೆಮ್ಮು. ಅದಕ್ಕೆ ಮದ್ದಿಲ್ಲ, ಇದ್ದಷ್ಟು ಪುಪ್ಪುಸವನ್ನು ಕಾಪಾಡಿಕೊಳ್ಳಬೇಕು ಅಷ್ಟೇ.

ಆಗ ಯಾವುದೋ ಪ್ರಯೋಗಾಲಯದವರು ಬಳ್ಳಾರಿ ಬಿಸಿಲನ್ನು ತಡೆಯುವ ಪೈನ್ ಮರವೊಂದನ್ನು ಸೃಷ್ಟಿಸಿ ತಂದರು. ಹಿಮಾಲಯದ ಮರವನ್ನು ಈ ಬೆಂಕಿಯಲ್ಲಿ ನೆಡುತ್ತಾರಂತೆ ಎಂದು ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮರ ಮಾತ್ರ ಬೆಳೆಯಿತು. ಹತ್ತು ವರ್ಷದಲ್ಲಿ ಬೇರು ಮಣ್ಣಿನ ರಾಶಿಯನ್ನು ಹಿಡಿದು ಕಟ್ಟಿತು, ಸೂಜಿಯಂಥ ಎಲೆಗಳು ಗಾಳಿಯಲ್ಲಿನ ಧೂಳನ್ನು ಬಾಚಿ ಇಳಿಸಿದವು. ಮೂಡಣ ಗುಡ್ಡದ ಕಾಲಬುಡದಲ್ಲೇ ಇದ್ದ ಊರು ಮೊದಲ ಬಾರಿಗೆ ಬಿಳಿ ಬಟ್ಟೆಯನ್ನು ಹೊರಗೆ ಒಣಹಾಕಿತು. ಹುಲಿಗೆಮ್ಮನ ಗಂಡ ಗಾದಿಲಿಂಗಪ್ಪ ಇಪ್ಪತ್ತು ವರ್ಷ ಗಣಿಯಲ್ಲಿ ಡಂಪರ್ ಓಡಿಸಿ ಎದೆ ತುಂಬ ಧೂಳು ತುಂಬಿಕೊಂಡವನು. ಮರ ಬಂದ ಮೇಲೆ ಆಮ್ಲಜನಕದ ಸಿಲಿಂಡರು ಮೂಲೆ ಸೇರಿ, ಅವನು ಸಂಜೆ ಹೊತ್ತು ಕಟ್ಟೆಯ ತನಕ ನಡೆದು ಬರುವಂತಾದ. ಮರ ಹೋದರೆ ಒಂದು ಬೇಸಿಗೆ ದಾಟುವುದೂ ಕಷ್ಟ ಎಂದು ವೈದ್ಯರು ಅವನ ಎದುರಿಗೇ ಹೇಳಿದ್ದರು.

ಒಳ್ಳೆಯದರಲ್ಲಿ ಒಂದು ಕೊರೆ ಇತ್ತು. ಅಷ್ಟೂ ಮರಗಳು ಒಂದೇ ತಾಯಿಮರದ ಚೂರಿನಿಂದ ಹುಟ್ಟಿದವು. ಒಂದಕ್ಕೆ ಬಂದ ರೋಗವನ್ನು ತಡೆಯುವ ಶಕ್ತಿ ಪಕ್ಕದ್ದಕ್ಕೂ ಇರಲಿಲ್ಲ.

ದುಂಬಿ ಬಂದದ್ದು ಹೊರದೇಶದಿಂದ ತರಿಸಿದ ಯಂತ್ರದ ಸುತ್ತ ಹೊಡೆದಿದ್ದ ಮರದ ಪೆಟ್ಟಿಗೆಯಲ್ಲಿ. ಪಾಪ, ಅದು ತಾನಾಗಿ ಮರವನ್ನು ಕೊಲ್ಲುವುದಿಲ್ಲ. ಅದರ ಉಸಿರುನಾಳದೊಳಗೆ ಕಣ್ಣಿಗೆ ಕಾಣದ ಎಳೆಹುಳುಗಳು ಸಾವಿರಗಟ್ಟಲೆ ಅವಿತು ಕೂತಿರುತ್ತವೆ. ದುಂಬಿ ಎಳೆ ಕೊಂಬೆಯನ್ನು ಮೆಲ್ಲುವಾಗ ಅವು ಮರದೊಳಗೆ ಇಳಿದು ನೀರಿನ ನಾಳಗಳನ್ನು ಕಟ್ಟಿಬಿಡುತ್ತವೆ. ಹಸಿರು ಮರ ನೋಡುನೋಡುತ್ತಿದ್ದಂತೆ ತುಕ್ಕು ಹಿಡಿದ ಬಣ್ಣಕ್ಕೆ ತಿರುಗಿ ನಿಂತಲ್ಲೇ ಸಾಯುತ್ತದೆ. ಆಮೇಲೆ ಸತ್ತ ಮರದ ತೊಗಟೆಯಡಿ ಇನ್ನಷ್ಟು ದುಂಬಿಗಳು ಮೊಟ್ಟೆ ಇಡುತ್ತವೆ. ಈಗತಾನೆ ಕಡಿದ ಹಸಿ ದಿಮ್ಮಿ ಸಿಕ್ಕರಂತೂ ಅವಕ್ಕೆ ಹಬ್ಬ.

ಅದನ್ನು ಹಿಡಿಯಲು ಪ್ರತಿ ಮರಕ್ಕೂ ಒಂದು ಕಿವಿಮೊಳೆ ಹೊಡೆದಿದ್ದರು. ಮೊಳೆಯಷ್ಟೇ ಗಾತ್ರದ ಸಾಧನ, ಒಳಗೆ ಮರಿಹುಳು ಮರ ಕೊರೆಯುವ ಸದ್ದು ಕೇಳಿದರೆ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಬಂದು ಸೇರುವುದು ಗಣಿಯವರ ಹಳೆಯ ಕಚೇರಿಯಲ್ಲಿ ಮಾಡಿದ ನಿಯಂತ್ರಣ ಕೊಠಡಿಗೆ. ಅಲ್ಲಿನ ಗಣಕಯಂತ್ರ ಗುಡ್ಡಕ್ಕೊಂದು ಅಪಾಯಾಂಕ ಕಟ್ಟುತ್ತದೆ. ಎಪ್ಪತ್ತು ದಾಟಿದರೆ ಆ ಗುಡ್ಡದ ಒಂದು ಮರವನ್ನೂ ಉಳಿಸದೆ ಕಡಿದು, ಕಡಿದಲ್ಲೇ ಸುಡಬೇಕು. ಕಾಯಿದೆ ಹಾಗಿದೆ. ಸುತ್ತಲ ಹನ್ನೆರಡು ಗಣಿ ಊರುಗಳೂ ಇದೇ ಮರದ ಆಸರೆಯಲ್ಲಿ ಉಸಿರಾಡುತ್ತಿರುವಾಗ ಕಾಯಿದೆಯನ್ನು ತಪ್ಪೆನ್ನಲೂ ಬರುವುದಿಲ್ಲ. ಯಂತ್ರ ಎಲ್ಲವನ್ನೂ ತಾನೇ ಲೆಕ್ಕ ಹಾಕುತ್ತಿತ್ತು, ಒಂದು ಪ್ರಶ್ನೆಯನ್ನು ಬಿಟ್ಟು. ಮನುಷ್ಯರ ಕೈಯಿಂದ ಹುಳು ಹರಡುವ ಸಂಭವ ಎಷ್ಟು ಎಂಬುದನ್ನು ಮನುಷ್ಯರೇ ಹೇಳಬೇಕಿತ್ತು. ಹೇಳಬೇಕಾದವಳು ಹುಲಿಗೆಮ್ಮ.

ಪಡುವಣ ಗುಡ್ಡ ಶಿವರಾತ್ರಿಯ ಹೊತ್ತಿಗೆ ಎಪ್ಪತ್ತು ದಾಟಿತು, ಬೇಸಿಗೆ ಮುಗಿಯುವ ತನಕ ಕಡಿದು ಬೋಳು ಮಾಡಿದರು. ಮೂಡಣ ಗುಡ್ಡಕ್ಕೆ ಭಯವಿಲ್ಲ ಎಂದು ಅವಳು ಬರೆದುಕೊಟ್ಟದ್ದು ಆಗಲೇ.

ಶ್ರಾವಣದ ಒಂದು ಬೆಳಿಗ್ಗೆ ಉಪಕರಣಗಳ ಎಂಜಿನಿಯರ್ ದಸ್ತಗೀರ ಅವಳನ್ನು ಪರದೆಯ ಮುಂದೆ ಕರೆದ. ಮೂಡಣ ಗುಡ್ಡದ ನಕ್ಷೆಯಲ್ಲಿ ಏಳು ಕೆಂಪು ಚುಕ್ಕೆಗಳು ಹೊತ್ತಿಕೊಂಡಿದ್ದವು.

"ಮೊಳಿ ಕೆಟ್ಟಾವ ಅಂತ ಮಾಡಿದ್ದೆ ಮೇಡಂ. ಬೆಳಕ ಹರಿಯೂದರಾಗ ಹೋಗಿ ನೋಡಿ ಬಂದೆ. ಕೆಟ್ಟಿಲ್ಲ."

ಹುಲಿಗೆಮ್ಮ ಕುರ್ಚಿ ಎಳೆದುಕೊಂಡು ಕೂತಳು. ಗಾಳಿಯಲ್ಲಿ ತೇಲಿ ಬಂದಿದ್ದರೆ ಚುಕ್ಕೆಗಳು ಹೊಂಡದ ಕಡೆಗಿರಬೇಕಿತ್ತು. ಲಾರಿಯಲ್ಲಿ ಬಂದಿದ್ದರೆ ರಸ್ತೆಯ ಪಕ್ಕ. ಇವು ಎರಡೂ ಅಲ್ಲ, ಗುಡ್ಡದ ಬುಡದಲ್ಲಿ, ಮನೆಗಳ ಹಿತ್ತಲಿಗೆ ತಾಗಿಕೊಂಡು ಅಲ್ಲೊಂದು ಇಲ್ಲೊಂದು ಇದ್ದವು. ಪಡುವಣ ಗುಡ್ಡದಿಂದ ಸೌದೆಯಾಗಲಿ ಹಲಗೆಯಾಗಲಿ ಹೊರಬೀಳದಂತೆ ತನಿಖಾ ಗೇಟಿನಲ್ಲಿ ಹಗಲಿರುಳು ಕಾವಲು ಇತ್ತು.

"ಇವು ಯಾರ್ಯಾರ ಮನಿ?" ಎಂದು ಕೇಳಿದಳು.

ದಸ್ತಗೀರ ಬೆರಳಿಟ್ಟು ಹೇಳುತ್ತ ಹೋದ. ಹೇಳುತ್ತ ಹೇಳುತ್ತ ನಗು ಬಂತು ಅವನಿಗೆ. "ಈ ಬ್ಯಾಸಗ್ಯಾಗ ಏಳೂ ಮನ್ಯಾಗ ಉಂಡೀನಿ ನೋಡ್ರಿ. ಏಳೂ ಕಡಿ ಮದುವಿ. ಸಣ್ಣೀರಮ್ಮನ ಮನಿ ಹೋಳಿಗಿ ಒಂದ ಚಂದ ಇದ್ದವು."

ಹುಲಿಗೆಮ್ಮ ನಗಲಿಲ್ಲ. ಚೀಲ ತೆಗೆದುಕೊಂಡು, ಮೇಜಿನ ಮೇಲಿದ್ದ ಒಂದು ಕಿವಿಮೊಳೆಯನ್ನು ಅದರಲ್ಲಿ ಹಾಕಿಕೊಂಡು ಸೀದಾ ಮನೆಗೆ ನಡೆದಳು.

ಮನೆಯ ಬಾಗಿಲ ಪಕ್ಕ ಹಾಲಗಂಬ ನಿಂತಿತ್ತು. ವೈಶಾಖದಲ್ಲಿ ಮಗಳು ಪಾರಿಜಾತಳ ಮದುವೆಯ ಹಂದರಕ್ಕೆ ನಿಲ್ಲಿಸಿದ್ದು.

ಮದುವೆಯ ಹಂದರಕ್ಕೆ ಮೊದಲ ಕಂಬವಾಗಿ ಹಾಲು ಒಸರುವ ಹಸಿ ಮರವನ್ನೇ ತರಬೇಕು ಎಂಬುದು ಈ ಕಡೆಯ ಪದ್ಧತಿ. ಹಿಂದೆ ಅತ್ತಿಯ ಕೊಂಬೆ ತರುತ್ತಿದ್ದರು. ಗಣಿ ಅತ್ತಿಯನ್ನೂ ಬಿಡಲಿಲ್ಲ. ಪೈನ್ ಬಂದ ಮೇಲೆ, ಗೀರಿದರೆ ಅಂಟು ಒಸರುವುದನ್ನು ನೋಡಿ, ಇದೂ ಹಾಲುಮರವೇ ಎಂದು ಹಿರಿಯರು ಒಪ್ಪಿಕೊಂಡರು. ಕಂಬದ ತೊಗಟೆ ಸುಲಿಯಬಾರದು. ಮದುವೆ ಮುಗಿದ ಮೇಲೂ ವರ್ಷ ತುಂಬುವ ತನಕ ಅದು ಬಾಗಿಲಲ್ಲೇ ಇರಬೇಕು. ಅಷ್ಟರೊಳಗೆ ಕಿತ್ತು ಸುಟ್ಟರೆ ಮದುಮಗನ ಆಯುಷ್ಯಕ್ಕೆ ಕುತ್ತು ಎಂಬ ನಂಬಿಕೆ. ಈ ವರ್ಷ ಪಡುವಣ ಗುಡ್ಡ ಕಡಿಯುತ್ತಿದ್ದರಲ್ಲ, ಮದುವೆಯಿದ್ದವರೆಲ್ಲ ಹೇಗೂ ಬೀಳುವ ಮರವೆಂದು ಅಲ್ಲಿಂದಲೇ ಕಂಬ ತಂದರು. ಗೇಟಿನಲ್ಲಿ ಸೌದೆಯ ಕಡ್ಡಿಯನ್ನೂ ಬಿಡದ ಕಾವಲುಗಾರರು, ಹಲಗೆವಾದ್ಯ ಬಡಿಯುತ್ತ ಮೆರವಣಿಗೆಯಲ್ಲಿ ಬಂದ ಹಾಲಗಂಬಕ್ಕೆ ಚಪ್ಪಲಿ ಕಳಚಿ ಕೈಮುಗಿದು ದಾರಿ ಬಿಟ್ಟರು. ತಡೆಯಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಅದು ಮರ ಎಂದು ಹುಲಿಗೆಮ್ಮನಿಗೇ ಹೊಳೆದಿರಲಿಲ್ಲ. ಹಾಲೆರೆದು, ಅರಿಶಿನ ಬಳಿದು, ಹಸಿರು ಖಣದ ತುಂಡು ಹರಿದು ಸುತ್ತಿದವಳು ಅವಳೇ.

ಮೊಳೆಯನ್ನು ಅರಿಶಿನದ ಮೇಲೆಯೇ ಒತ್ತಿ ಕೂರಿಸಿ, ಫೋನನ್ನು ಕಿವಿಗೆ ಹಿಡಿದಳು. ಒಳಗೆ ಯಾರೋ ನಿಧಾನವಾಗಿ ಹಪ್ಪಳ ಮುರಿಯುತ್ತಿರುವಂತೆ ಸದ್ದು ಬರುತ್ತಿತ್ತು.

ಗಾದಿಲಿಂಗಪ್ಪ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ. "ಏನ ಮಾಡಾಕತ್ತಿ? ಮದುವಿ ಕಂಬಕ್ಕ ಮೊಳಿ ಬಡೀತಾರೇನು?"

ಅವಳು ಫೋನನ್ನು ಅವನ ಕಿವಿಗೆ ಕೊಟ್ಟಳು. ಅವನು ಬಹಳ ಹೊತ್ತು ಕೇಳಿ, ಫೋನು ಹಿಂದಿರುಗಿಸಿ ಒಳಗೆ ಹೋದ.

ಮಧ್ಯಾಹ್ನದೊಳಗೆ ದಸ್ತಗೀರನೂ ಅವಳೂ ಲೆಕ್ಕ ಹಾಕಿದರು. ಏಳು ಮನೆಯ ಕಂಬಗಳಿಂದ ಮಾತ್ರ ದುಂಬಿ ಹೊರಬಿದ್ದಿತ್ತು. ಉಳಿದ ಕಂಬಗಳಲ್ಲಿ ಮರಿಹುಳು ಇನ್ನೂ ಬೆಳೆಯುತ್ತಿತ್ತು. ಚೌತಿಯೊಳಗೆ ಊರಿನ ಅಷ್ಟೂ ಹಾಲಗಂಬಗಳನ್ನು ಸುಟ್ಟು, ರೋಗ ತಗುಲಿದ ಮರಗಳನ್ನೂ ಅವುಗಳ ಅಕ್ಕಪಕ್ಕದವನ್ನೂ ತೆಗೆದರೆ ಎಪ್ಪತ್ತರ ಹತ್ತಿರ ಬಂದಿದ್ದ ಅಪಾಯಾಂಕ ಅರವತ್ತರ ಆಸುಪಾಸಿಗೆ ಇಳಿಯುತ್ತದೆ. ಗುಡ್ಡ ಉಳಿಯುತ್ತದೆ. ಒಂದೇ ಒಂದು ಕಂಬ ಉಳಿದರೂ ಅದರಿಂದ ಹೊರಬೀಳುವ ದುಂಬಿಗಳು ಗುಡ್ಡವನ್ನು ಮುಗಿಸಲು ಸಾಕು.

ಸಂಜೆ ಕಟ್ಟೆಯ ಮುಂದೆ ಊರು ಸೇರಿತು. ಹಿರಿಯ ದೊಡ್ಡಬಸಪ್ಪ ಕೇಳಿದ, "ಸರ್ಕಾರದಾಗ ಇದ್ದಾಕಿ, ಓದಿದಾಕಿ ನೀನು, ನಿನ್ನ ಮಾತ ತಗದಹಾಕಾಂಗಿಲ್ಲ. ಆದ್ರ ಮದುಮಗ ಬದುಕಿದ್ದಾಗ ಹಾಲಗಂಬಕ್ಕ ಬೆಂಕಿ ಹಚ್ಚು ಅಂತ ಯಾವ ಬಾಯಿಲೆ ಹೇಳ್ತಿಯವಾ?"

"ಇದ ಬಾಯಿಲೆ, ಮಾವ," ಎಂದಳು ಹುಲಿಗೆಮ್ಮ. "ನನ್ನ ಮಗಳ ಕಂಬ ಮೊದಲ ಸುಡ್ತೀನಿ."

ದೊಡ್ಡಬಸಪ್ಪ ಉತ್ತರ ಕೊಡುವ ಮೊದಲೇ ಕೆಮ್ಮು ಬಂತು. ಕೆಮ್ಮು ಮುಗಿಯುವ ತನಕ ಊರು ಕಾಯಿತು. ಆಮೇಲೆ ಅವನು ಆಗಲಿ ಎಂಬಂತೆ ಕೈಯಾಡಿಸಿದ. ಆ ಕೆಮ್ಮೇ ಊರನ್ನು ಒಪ್ಪಿಸಿತು ಎನ್ನಬೇಕು.

ಮಾರನೆಯ ದಿನದಿಂದ ಹುಲಿಗೆಮ್ಮ ಮನೆಮನೆಗೆ ಹೋದಳು. ಕೆಲವರು ಮುಖ ಊದಿಸಿಕೊಂಡು ಕೊಟ್ಟರು, ಕೆಲವರು ಅಳುತ್ತ ಕೊಟ್ಟರು. ಸಣ್ಣೀರಮ್ಮ ಮೊಮ್ಮಗಳ ಕಂಬವನ್ನು ತಾನೇ ಅಲುಗಾಡಿಸಿ ಕಿತ್ತು, ಬಾಣಂತಿಗೆ ಹೊದಿಸುವಂತೆ ಸೀರೆಯೊಂದನ್ನು ಹೊದಿಸಿ ಗಾಡಿಗೆ ಏರಿಸಿದಳು.

"ಆ ಹುಡುಗಗ ಏನರ ಆದ್ರ ನಿನ್ನ ಮನಿ ಬಾಗಲಿಗೆ ಬರ್ತೀನವಾ," ಎಂದಳು. ಶಾಪ ಹಾಕುವ ಧ್ವನಿಯಿರಲಿಲ್ಲ, ಇದ್ದದ್ದನ್ನು ತಿಳಿಸುವ ಧ್ವನಿ.

ಮನೆಗೆ ಬಂದು ಫೋನು ಮಾಡಿದರೆ ಪಾರಿಜಾತ ನಕ್ಕೇಬಿಟ್ಟಳು. ಗಂಡ ಎರ್ರಿಸ್ವಾಮಿಯ ಜೊತೆ ಅವಳಿದ್ದದ್ದು ಮಂಗಳೂರಿನಲ್ಲಿ. "ಸುಡ್ರಿ ಅಪ್ಪಾ. ಕಟ್ಟಿಗಿಗೂ ನಮ್ಮನಿಯವ್ರಿಗೂ ಏನ ಸಂಬಂಧ?" ಗಾದಿಲಿಂಗಪ್ಪನೂ ಹೌದೌದು ಎಂದು ನಕ್ಕ. ಎರ್ರಿಸ್ವಾಮಿ ಓಡಿಸುತ್ತಿದ್ದದ್ದು ಹೈಡ್ರೋಜನ್ ಟ್ಯಾಂಕರು. ಹಿಂದಿನ ವರ್ಷವಷ್ಟೇ ಘಾಟಿಯಲ್ಲಿ ಅಂಥದೊಂದು ಟ್ಯಾಂಕರು ಸಿಡಿದು ಚಾಲಕನ ಮೈ ಸಿಕ್ಕಿರಲಿಲ್ಲ. ಆ ಮಾತನ್ನು ಯಾರೂ ಎತ್ತಲಿಲ್ಲ.

ಫೋನು ಇಟ್ಟ ಮೇಲೆ ಗಾದಿಲಿಂಗಪ್ಪ, "ನಮ್ಮದು ನಾ ಒಯ್ತೀನಿ. ಹೆಣ್ಣ ಕೊಟ್ಟಾವ ನಾನು, ಸುಡಾವನೂ ನಾನ ಇರಲಿ," ಎಂದ. ಹುಲಿಗೆಮ್ಮನಿಗೆ ಅದು ಸರಿ ಅನ್ನಿಸಿತು. ಸಮಾಧಾನವೂ ಆಯಿತು. ಆ ಕಂಬಕ್ಕೆ ಬೆಂಕಿ ಹಚ್ಚಲು ಅವಳಿಗೂ ಮನಸ್ಸಿರಲಿಲ್ಲ.

ಗಣಿಯ ಹೊಂಡದಲ್ಲಿ ಕಂಬಗಳು ಉರಿದವು. ಗಾದಿಲಿಂಗಪ್ಪ ಬಟ್ಟೆ ಸುತ್ತಿದ ಕಂಬವನ್ನು ಹೆಗಲ ಮೇಲೆ ಹೊತ್ತು ತಂದು ಎಲ್ಲರೆದುರು ಹಾಕಿದ. ದೂರದಲ್ಲಿ ನಿಂತಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹೊಂಡದಿಂದ ಹಿಂತಿರುಗುವಾಗ ಹುಲಿಗೆಮ್ಮನನ್ನು ಬಿಟ್ಟು ಬೇರೆ ದಾರಿ ಹಿಡಿದರು.

ಆದರೆ ಅಂಕ ಇಳಿಯಿತು. ಅರವತ್ತೊಂದಾಯಿತು. ಚೌತಿಯ ದಿನ ದಸ್ತಗೀರ ನಿಯಂತ್ರಣ ಕೊಠಡಿಗೆ ಕಡುಬು ತಂದ, ಯಾರ ಮನೆಯದೆಂದು ಹೇಳಲಿಲ್ಲ. ಕಂಬ ಸುಟ್ಟ ಮನೆಗಳ ಅಳಿಯಂದಿರೆಲ್ಲ ಗಟ್ಟಿಮುಟ್ಟಾಗಿದ್ದರು. ಊರು ಮೆಲ್ಲಗೆ ಹುಲಿಗೆಮ್ಮನನ್ನು ಮತ್ತೆ ಮಾತಾಡಿಸತೊಡಗಿತು.

ನವರಾತ್ರಿ ಕಳೆದು ಕೆಲವು ದಿನಕ್ಕೆ ಗುಡ್ಡದ ನೆತ್ತಿಯ ಹತ್ತಿರ ಚುಕ್ಕೆಗಳು ಹೊತ್ತಿಕೊಂಡವು. ಈ ಸಲ ಏಳಲ್ಲ, ಗುಂಪಿಗೆ ಗುಂಪು. ಗಣಿಯವರ ಪಾಳು ಪಂಪ್ ಮನೆಯನ್ನು ಸುತ್ತುಗಟ್ಟಿಕೊಂಡಿದ್ದವು. ಅಂಕ ಅರವತ್ತೊಂಬತ್ತಕ್ಕೆ ಬಂದು ನಿಂತಿತು. ಪರದೆಯ ಮೇಲೆ ಯಂತ್ರ ತನ್ನ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿತು.

"ತಾನಾಗೇ ಹಾರಿ ಹೋಗ್ಯಾವ ಅಂದ್ರ ಅರವತ್ತೊಂಬತ್ತರಾಗ ಉಳೀತೈತಿ," ಎಂದ ದಸ್ತಗೀರ. "ಮಂದಿ ಕೈಯಿಂದ ಅಂದ್ರ ದಾಟತೈತಿ. ಮಂದಿ ಹೊತ್ತುಕೊಂಡು ಅಲ್ಲಿಗೆ ಯಾಕ ಹೋಗ್ತಾರ ಬಿಡ್ರಿ."

"ನೋಡಿ ಬರ್ತೀನಿ," ಎಂದಳು.

ಒಬ್ಬಳೇ ಹತ್ತಿದಳು. ಪಂಪ್ ಮನೆಯ ಹಿಂದೆ, ಮಳೆ ತಾಗದಂತೆ ತಗಡು ಮುಚ್ಚಿ, ಒಂದು ಕಂಬವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಬುಡದಲ್ಲಿ ಒಣಗಿದ ಹೂವು, ಆರಿದ ಹಣತೆ ಇದ್ದವು. ಕಂಬದ ಮೈತುಂಬ ಕಿರುಬೆರಳು ತೂರುವಷ್ಟು ದುಂಡನೆಯ ತೂತುಗಳು. ಒಳಗಿದ್ದವೆಲ್ಲ ಹಾರಿಹೋಗಿ ಆಗಿತ್ತು. ಹಸಿರು ಖಣದ ತುಂಡು ಸುತ್ತಿದಂತೆಯೇ ಇತ್ತು.

ಹುಲಿಗೆಮ್ಮ ಆ ತುಂಡನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಸಿಟ್ಟು ಬಂತು, ಎಂಥ ಸಿಟ್ಟೆಂದರೆ ಆ ಕಂಬವನ್ನು ಕಾಲಿನಿಂದ ಒದೆಯಬೇಕು ಅನ್ನಿಸಿತು. ಒದೆಯಲು ಕಾಲು ಬರಲಿಲ್ಲ. ಅದು ಪಾರಿಜಾತಳ ಕಂಬ. ಇಷ್ಟೆಲ್ಲ ಗೊತ್ತಿದ್ದೂ ಅವಳ ಕಾಲು ಬರಲಿಲ್ಲ ಎಂದ ಮೇಲೆ, ಬೆಂಕಿ ಹಚ್ಚಲು ಗಂಡನ ಕೈ ಹೇಗೆ ಬಂದೀತು ಎಂಬುದು ಅವಳಿಗೆ ತಿಳಿದುಹೋಯಿತು.

ಮನೆಯಲ್ಲಿ ಗಾದಿಲಿಂಗಪ್ಪ ಅವರೆಕಾಯಿ ಸುಲಿಯುತ್ತಿದ್ದ. ಅವಳ ಮುಖ ನೋಡಿ ಕೈ ನಿಲ್ಲಿಸಿದ.

"ಅವತ್ತ ಹೊಂಡದಾಗ ಏನ ಸುಟ್ರಿ?"

"ಬ್ಯಾರೆ ಕಂಬ. ಹಿತ್ತಲದಾಗ ಬಿದ್ದಿತ್ತು."

"ನನ್ನ ಮುಂದರ ಹೇಳಬಾರದಿತ್ತೇನ್ರಿ?"

"ಹೇಳಿದ್ರ ಸುಡು ಅಂತಿದ್ದಿ." ಅವನು ಉಸಿರು ಹಿಡಿದು ಮತ್ತೆ ಶುರುಮಾಡಿದ. "ಅದು ಕಟ್ಟಿಗಿ ಅಂತ ನನಗ ಗೊತ್ತಿಲ್ಲೇನು? ಗೊತ್ತೈತಿ. ಒಳಗ ಹುಳ ಐತಿ, ನಿನ್ನ ಫೋನಿನಾಗ ನಾನ ಕೇಳೀನಿ. ಹೊತ್ತುಕೊಂಡು ಹೊಂಡದ ತನಕನೂ ಹೋದೆ ಒಂದಿನ, ಯಾರೂ ಇಲ್ಲದಾಗ. ಬೆಂಕಿಪೊಟ್ಟಣ ತಗದ್ರ ಎರ್ರಿಸ್ವಾಮಿ ಗಾಡಿ ಕಣ್ಣಮುಂದ ಬಂತು. ಒಂದ ವರ್ಷ ತುಂಬಲಿ, ಅಲ್ಲೀತನಕ ಮ್ಯಾಲೆ ಇಡೂನು ಅಂತ ನಡುನಡುವ ಕುಂತು ಹೊತ್ತು ಒಯ್ದು ಇಟ್ಟೆ. ಅಷ್ಟ ದೂರ ಇಟ್ರ ಹುಳ ಏನ ಮಾಡತೈತಿ ಅಂದಕೊಂಡೆ."

"ನಿಮ್ಮ ಉಸಿರಿಗೇ ಕೊಳ್ಳಿ ಇಟ್ಟಕೊಂಡ್ರಿ."

"ನನ್ನ ಉಸುರು ಏನ ಮಹಾ. ಐತೆಂದ್ರ ಐತಿ. ಊರ ಮಂದಿ ಉಸುರು..." ಅವನು ಸುಲಿದ ಕಾಳನ್ನು ಒಂದು ಕಡೆಗೆ ದೂಡಿದ.

ಅವಳು ಅವನೆದುರು ನೆಲದ ಮೇಲೆ ಕೂತಳು. ಈ ವಿಷಯ ಇನ್ನೂ ಯಾರಿಗೂ ಗೊತ್ತಿಲ್ಲ ಎಂದಳು. ತಾನಾಗಿ ಹಾರಿದೆ ಎಂದು ಉತ್ತರ ಕೊಟ್ಟರೆ ಮೂಡಣ ಗುಡ್ಡ ಬರುವ ಬೇಸಿಗೆಗೆ ಉಳಿಯಬಹುದು, ಮುಂದಿನ ಮಳೆಗಾಲದ ಹೊತ್ತಿಗೆ ಹೇಗೂ ಒಣಗುತ್ತದೆ. ಅಷ್ಟರಲ್ಲಿ ದುಂಬಿ ಆಚೆಯ ಹನ್ನೆರಡು ಊರುಗಳ ಗುಡ್ಡಕ್ಕೂ ನಡೆದಿರುತ್ತದೆ. ಎಲ್ಲವನ್ನೂ ಹೇಳಿ ಮುಗಿಸಿ ಅವನ ಮುಖ ನೋಡಿದಳು. ನಿಜ ಬರೆಯುವುದು ಬೇಡ ಎಂದು ಅವನು ಅನ್ನಲಿ ಎಂದು ಅವಳೊಳಗೆ ಒಂದು ಆಸೆಯಿತ್ತು. ಅವನು ಒಂದು ಬೇಸಿಗೆ ಬೇಡಿದ್ದರೆ ಅವಳು ಕೊಟ್ಟುಬಿಡುತ್ತಿದ್ದಳೋ ಏನೋ.

"ಬರಿ," ಎಂದ ಗಾದಿಲಿಂಗಪ್ಪ. "ಯಾರ ಮನಿ ಕಂಬ ಅನ್ನೋದನ್ನೂ ಬರಿ. ಇಲ್ಲಂದ್ರ ಸಣ್ಣೀರಮ್ಮನಂಥ ಪಾಪದವರ ಮ್ಯಾಲೆ ಬೀಳತೈತಿ."

ನಿಯಂತ್ರಣ ಕೊಠಡಿಯಲ್ಲಿ ದಸ್ತಗೀರ ಕುರ್ಚಿ ಬಿಟ್ಟುಕೊಟ್ಟ. ಅವಳು ಉತ್ತರ ಒತ್ತಿದಳು. ಅಂಕ ಎಪ್ಪತ್ತೆಂಟಕ್ಕೆ ಏರಿತು. ಅವನು ಅದನ್ನು ನೋಡಿ, ಆಮೇಲೆ ಕೆಳಗೆ ಅವಳು ಬರೆದ ಮನೆಯ ಹೆಸರನ್ನು ಓದಿ, ಕಿಟಕಿಯ ಕಡೆ ತಿರುಗಿ ನಿಂತ. ಆ ಮನೆಯಲ್ಲೂ ಅವನು ಉಂಡಿದ್ದ.

ವರದಿಯನ್ನು ಊರಿನೆದುರು ಓದಬೇಕೆಂಬುದೂ ಕಾಯಿದೆಯೇ. ಹುಲಿಗೆಮ್ಮ ಕಟ್ಟೆಯ ಮುಂದೆ ನಿಂತು ಒಂದಕ್ಷರ ಬಿಡದೆ ಓದಿದಳು. ಕಾರಣದ ಜಾಗಕ್ಕೆ ಬಂದಾಗ ಧ್ವನಿ ಸಣ್ಣದಾಯಿತು, ನಿಲ್ಲಲಿಲ್ಲ. ಗಾದಿಲಿಂಗಪ್ಪ ಅವಳ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ. ಯಾರಾದರೂ ಬೈದಿದ್ದರೆ ಹಗುರಾಗುತ್ತಿತ್ತು. ಊರು ಬೈಯದೆ ಎದ್ದು ಮನೆಗೆ ಹೋಯಿತು.

ಕಾರ್ತಿಕದಲ್ಲಿ ಯಂತ್ರಗಳು ಗುಡ್ಡ ಹತ್ತಿದವು. ಅಂಟಿನ ವಾಸನೆಯ ಹೊಗೆ ವಾರಗಟ್ಟಲೆ ಊರಿನ ಮೇಲೆ ಕೂತಿತ್ತು. ಹೊಗೆ ಹೋಯಿತು, ಹಿಂದೆಯೇ ಧೂಳು ಬಂತು. ಮಾಘದ ಗಾಳಿಗೆ ಹೊರಗಿನ ಬಟ್ಟೆ ಮತ್ತೆ ಕೆಂಪಾಯಿತು. ಸಿಲಿಂಡರನ್ನು ಮೂಲೆಯಿಂದ ಎಳೆದು ಮಂಚದ ಪಕ್ಕ ಇಟ್ಟರು. ಮಗಳು ದಿನಕ್ಕೆರಡು ಸಲ ಫೋನು ಮಾಡಿದಳು, ಎರ್ರಿಸ್ವಾಮಿ ಕಾರು ತಂದು ಎರಡು ದಿನ ಕಾದ. ಸಮುದ್ರದ ಗಾಳಿ ಮಾವನಿಗೆ ಒಳ್ಳೆಯದು ಎಂದ. ಕೆನ್ನೆ ತುಂಬಿಕೊಂಡು, ಬಿಸಿಲಿಗೆ ಹೊಳೆಯುತ್ತ, ಚೆನ್ನಾಗಿದ್ದ ಹುಡುಗ. ಗಾದಿಲಿಂಗಪ್ಪ ಅವನ ಭುಜ ಮುಟ್ಟಿ ನೋಡಿ, ಹೋಗಿಬಾ ಎಂದು ಕಳಿಸಿದ.

"ನೀವರ ಹೋಗ್ರಿ," ಎಂದು ಹುಲಿಗೆಮ್ಮ ಅಂಗಲಾಚಿದಳು. "ಇಲ್ಲಿ ಇದ್ದು ಏನ ಮಾಡ್ತೀರಿ?"

"ಊರ ಮಂದಿ ಧೂಳ ಕುಡಿಯಾಕತ್ಯಾರ. ನಾ ಹೋಗಿ ಸಮುದ್ರದ ಗಾಳಿ ಕುಡೀಲೇನು?"

ಆ ಸಂಜೆ ಅವನು ಬಹಳ ದಿನಗಳ ಮೇಲೆ ಕಟ್ಟೆಗೆ ಹೊರಟ. ಅವಳು ಬೇಡವೆಂದರೂ ಕೇಳಲಿಲ್ಲ, ತೋಳು ಹಿಡಿದುಕೊಂಡು ಜೊತೆಗೆ ಹೋದಳು. ನಾಲ್ಕು ಹೆಜ್ಜೆಗೊಮ್ಮೆ ನಿಂತರು. ಗಣಿಯ ಕಾಲದಲ್ಲಿ ಕೂರುತ್ತಿದ್ದ ಹಾಗೆಯೇ ಕಟ್ಟೆಯ ಮೇಲೆ ಗಂಡಸರು ಮೂಗಿಗೆ ಒದ್ದೆ ಟವೆಲು ಕಟ್ಟಿಕೊಂಡು ಸಾಲಾಗಿ ಕೂತಿದ್ದರು. ಕಣ್ಣುಗಳಷ್ಟೇ ಕಾಣುತ್ತಿದ್ದವು. ಗಾದಿಲಿಂಗಪ್ಪ ಎದುರಿಗೆ ಬಂದು ನಿಂತ. ಯಾರೂ ಅಲುಗಲಿಲ್ಲ.

ಕೊನೆಗೆ ದೊಡ್ಡಬಸಪ್ಪ ಗೋಡೆಯ ಮರೆಯ ತನ್ನ ಜಾಗವನ್ನು ಬಿಟ್ಟು ಸ್ವಲ್ಪ ಸರಿದ. "ಇತ್ತ ಕುಂದ್ರು ಬಾರೋ," ಎಂದ. "ಅತ್ತ ಧೂಳಗಾಳಿ ಐತಿ."

ಗಾದಿಲಿಂಗಪ್ಪ ಹೆಂಡತಿಯ ಕೈ ಬಿಡಿಸಿಕೊಂಡು, ಸಾಲಿನ ಆ ಕೊನೆಗೆ ಹೋಗಿ ಗಾಳಿ ಬರುವ ಕಡೆಯೇ ಕೂತ.